ಕದಲದ ಜೀವದ ಕಾವಲು

ಕತಾರಿನ ದೋಹಾ ಪಟ್ಟಣದ ಹೊರವಲಯದಲ್ಲಿ, ಕೈಗಾರಿಕಾ ಪ್ರದೇಶದ ಮಗ್ಗುಲಿಗೆ, ದುಡಿಯುವ ಜನರ ವಸತಿಗೆಂದೇ ನಿರ್ಮಿತವಾದ ಬರ್ವಾ ಅಲ್ ಬರಾಹಾ ಎಂಬ ನೆಲೆಯೊಂದಿದೆ. ಸಾಲುಹಿಡಿದು ನಿಂತ ವಸತಿಗೃಹಗಳು, ಅವುಗಳ ಆಚೆಗೆ ಸಾವಿರಾರು ಲಾರಿಗಳು ತಂಗಬಲ್ಲ ವಿಸ್ತಾರವಾದ ಅಂಗಳ, ಎಲ್ಲದರ ಮೇಲೂ ಹಾಸಿದ ಮರುಭೂಮಿಯ ಧೂಳು, ಇವಿಷ್ಟೇ ಮೊದಲ ನೋಟಕ್ಕೆ ಕಾಣುವುದಾದರೂ, ಮಲಯಾಳ, ನೇಪಾಳಿ, ಬಂಗಾಳಿ ಮಾತುಗಳ ನಡುವೆ ತುಸು ನಿಂತು ಕಿವಿಗೊಟ್ಟವನಿಗೆ ಕುಂದಾಪುರದ ಕನ್ನಡವೂ ತುಳುವೂ ಭಟ್ಕಳದ ನವಾಯತಿಯೂ ಕೇಳದೆ ಇರುವುದಿಲ್ಲ. ಒಂದು ಶುಕ್ರವಾರದ ಬೆಳಗ್ಗೆ ಅಲ್ಲಿ ತನ್ನ ಲಾರಿಯ ಗಾಜನ್ನು ಹಳದಿ ಸ್ಪಂಜಿನಿಂದ ಒರೆಸುತ್ತಿದ್ದ ಕುಂದಾಪುರದ ಕಡೆಯ ಚಾಲಕರೊಬ್ಬರು, ಆ ಸ್ಪಂಜನ್ನು ಹಿಂಡುತ್ತ, "ನಮ್ಮ ಬಲೆಗೂ ಇಂಥದ್ದು ಬೀಳ್ತಿತ್ತು ಮಾರಾಯ್ರೆ, ವಾಸನೆ ತಡೀಲಿಕ್ಕಾಗದೆ ತಿರುಗಿ ಕಡಲಿಗೇ ಹಾಕ್ತಿದ್ದೆವು. ಅದು ಗಿಡವಾ, ಪ್ರಾಣಿಯಾ?" ಎಂದು ಕೇಳಿದರು. ಮೀನುಗಾರರ ಮನೆಯಲ್ಲಿ ಹುಟ್ಟಿ, ಕಡಲನ್ನು ದಾಟಿ ಬಂದು, ಈಗ ಮರಳಿನ ಮೇಲೆ ಬದುಕುತ್ತಿರುವ ಮನುಷ್ಯನ ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಪೂರ್ತಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ಉತ್ತರವೇ ಈ ಲೇಖನ.

ಪ್ರಶ್ನೆಯೇನೋ ಬಹು ಪುರಾತನವಾದುದು. ಸುಮಾರು 2,300 ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲನು, ಕೀಳಲು ಬಂದವನ ಸುಳಿವು ಸಿಕ್ಕಿದೊಡನೆ ಸ್ಪಂಜು ಮುದುಡಿಕೊಂಡು ಬಂಡೆಯನ್ನು ಬಿಗಿಹಿಡಿಯುತ್ತದೆಂಬ ಮಾತನ್ನು ದಾಖಲಿಸಿ, ಅದಕ್ಕೆ ಒಂದು ಬಗೆಯ ಸಂವೇದನೆ ಇರಬೇಕೆಂದು ತರ್ಕಿಸಿದ್ದನು. ಆದರೂ ಅದು ಸಸ್ಯವೋ ಪ್ರಾಣಿಯೋ ಎಂಬ ಸಂಶಯ ಹತ್ತೊಂಬತ್ತನೆಯ ಶತಮಾನದವರೆಗೂ ತೀರಿರಲಿಲ್ಲ. 1825ರ ಸುಮಾರಿಗೆ ಎಡಿನ್‌ಬರೋದ ರಾಬರ್ಟ್ ಗ್ರಾಂಟ್ ಎಂಬ ವಿದ್ವಾಂಸನು ಜೀವಂತ ಸ್ಪಂಜೊಂದನ್ನು ನೀರಿನ ಪಾತ್ರೆಯಲ್ಲಿಟ್ಟು ಸೂಕ್ಷ್ಮದರ್ಶಕದಡಿಯಲ್ಲಿ ದಿಟ್ಟಿಸುತ್ತಿದ್ದಾಗ, ಅದರ ದೊಡ್ಡ ರಂಧ್ರದಿಂದ ನೀರು ಚಿಲುಮೆಯಂತೆ ಎಡೆಬಿಡದೆ ಚಿಮ್ಮುತ್ತಿರುವುದನ್ನು ಕಂಡು ಬೆರಗಾದನು. ಮುಂದೆ ಜೀವವಿಕಾಸದ ಸಿದ್ಧಾಂತವನ್ನು ಲೋಕದ ಮುಂದಿಟ್ಟ ಚಾರ್ಲ್ಸ್ ಡಾರ್ವಿನ್, ತನ್ನ ವಿದ್ಯಾರ್ಥಿದೆಸೆಯಲ್ಲಿ ಕಡಲತೀರದ ಜೀವಿಗಳನ್ನು ಹುಡುಕುತ್ತ ಅಲೆದದ್ದು ಈ ಗ್ರಾಂಟನ ಜತೆಯಲ್ಲಿಯೇ. ರಂಧ್ರಗಳನ್ನು ಧರಿಸಿದ ಜೀವಿಗಳು ಎಂಬರ್ಥದ 'ಪೊರಿಫೆರಾ' ಎಂಬ ಹೆಸರು ಈ ವರ್ಗಕ್ಕೆ ಬಂದುದೂ ಗ್ರಾಂಟನಿಂದಲೇ.

ಬಾಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ನರಗಳಿಲ್ಲ. ಆದರೂ ಸ್ಪಂಜು ಪ್ರಾಣಿಯೇ ಸರಿ. ಅದರ ಮೈತುಂಬ ಇರುವ ಸೂಕ್ಷ್ಮರಂಧ್ರಗಳ ಮೂಲಕ ಒಳಹೊಕ್ಕ ನೀರು ಕವಲುಕವಲಾದ ನಾಳಗಳಲ್ಲಿ ಹರಿದು, ಗೋಡೆಯ ತುಂಬ ಚಾಟಿಯಂತಹ ಎಳೆಯನ್ನು ಬೀಸುತ್ತ ಕುಳಿತಿರುವ ಕೋಶಗಳ ಪುಟ್ಟ ಕೊಠಡಿಗಳನ್ನು ಹಾದು, ಅಲ್ಲಿ ತನ್ನೊಳಗಿನ ಬ್ಯಾಕ್ಟೀರಿಯಾ ಮೊದಲಾದ ಆಹಾರಕಣಗಳನ್ನು ಬಿಟ್ಟುಕೊಟ್ಟು, ಕೊನೆಗೆ ಮೇಲಿನ ದೊಡ್ಡ ದ್ವಾರದಿಂದ ಹೊರಬೀಳುತ್ತದೆ. ಹೀಗೆ ಒಂದು ಸ್ಪಂಜು ತನ್ನ ದೇಹದ ಗಾತ್ರಕ್ಕಿಂತ ಸಾವಿರಾರು ಪಟ್ಟು ನೀರನ್ನು ಒಂದೇ ದಿನದಲ್ಲಿ ಸೋಸಬಲ್ಲುದು. ಮೃದುವಾದ ಈ ಮೈಗೆ ಆಧಾರವಾಗಿ ಕೆಲವಕ್ಕೆ ಗಾಜಿನ ಸೂಜಿಗಳಂತಹ ಸಿಲಿಕಾ ಕಡ್ಡಿಗಳೂ, ಕೆಲವಕ್ಕೆ ಸುಣ್ಣದ ಕಡ್ಡಿಗಳೂ, ಇನ್ನು ಕೆಲವಕ್ಕೆ ಸ್ಪಂಜಿನ್ ಎಂಬ ನಾರೂ ಇರುವುದುಂಟು. ಹಿಂದೆ ಸ್ನಾನಕ್ಕೆ ಬಳಸುತ್ತಿದ್ದುದು ಈ ನಾರಿನ ಅಸ್ಥಿಪಂಜರವನ್ನೇ. ಚಾಲಕರ ಕೈಯಲ್ಲಿದ್ದ ಹಳದಿ ವಸ್ತುವಾದರೋ ಕಾರ್ಖಾನೆಯಲ್ಲಿ ತಯಾರಾದ ಪ್ಲಾಸ್ಟಿಕ್. ಜೀವಿಯಿಂದ ಅದು ಪಡೆದದ್ದು ಹೆಸರನ್ನು ಮಾತ್ರ. ಇದುವರೆಗೆ ಗುರುತಿಸಲ್ಪಟ್ಟ ಸ್ಪಂಜಿನ ಪ್ರಭೇದಗಳು 9,000ಕ್ಕೂ ಮಿಗಿಲಾಗಿವೆ.

ಬರ್ವಾ ಅಲ್ ಬರಾಹಾದಿಂದ ಪೂರ್ವಕ್ಕೆ ಹೊರಟರೆ ಬಹುಬೇಗ ಕಡಲು ಸಿಗುತ್ತದೆ. ಆದರೆ ಆ ಕಡಲು ನಮ್ಮ ಮಲ್ಪೆ ಮುರ್ಡೇಶ್ವರಗಳ ಕಡಲಿನಂಥದಲ್ಲ. ಕೊನೆಯ ಹಿಮಯುಗ ಕಳೆದು ಸಾಗರಗಳ ಮಟ್ಟ ಏರಿದಾಗಷ್ಟೇ ನೀರು ತುಂಬಿಕೊಂಡ ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರು ಮಾತ್ರ. ಮಳೆ ಅಪರೂಪ, ಬಿಸಿಲು ಪ್ರಖರ, ಸೇರುವ ನದಿಗಳು ಕಡಿಮೆ. ಆದುದರಿಂದ ಸಾಗರದಲ್ಲಿ ಸಾವಿರಕ್ಕೆ 35 ಪಾಲಿನಷ್ಟಿರುವ ಉಪ್ಪು ಇಲ್ಲಿ 40 ಪಾಲನ್ನು ಮೀರುತ್ತದೆ. ಬೇಸಗೆಯಲ್ಲಿ ನೀರಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿ, ಚಳಿಗಾಲದಲ್ಲಿ 20 ಡಿಗ್ರಿಗೂ ಕೆಳಕ್ಕೆ ಇಳಿಯುತ್ತದೆ. ಬೇರೆಡೆಯ ಹವಳಗಳನ್ನು ಬಿಳಿಚಿಸಿ ಕೊಲ್ಲುವಂತಹ ಕಾವಿನಲ್ಲಿಯೂ ಹಲೂಲ್ ಮುಂತಾದ ದ್ವೀಪಗಳ ಸುತ್ತ ಹವಳದ ದಿಬ್ಬಗಳು ಬದುಕಿವೆ. ಆ ಸಹನೆಗೂ ಮಿತಿಯುಂಟೆಂಬುದನ್ನು 1996 ಮತ್ತು 1998ರ ಬೇಸಗೆಗಳು ತೋರಿಸಿಕೊಟ್ಟವು. ಜಿಂಕೆಯ ಕೊಂಬಿನಂತೆ ಕವಲೊಡೆದು ಬೆಳೆಯುವ ಆಕ್ರೊಪೊರಾ ಹವಳಗಳು ಕೊಲ್ಲಿಯ ದಕ್ಷಿಣಭಾಗದಲ್ಲಿ ಅಂದು ಅಪಾರವಾಗಿ ನಾಶವಾದವು. 2017ರಲ್ಲಿ ಮತ್ತೊಮ್ಮೆ ಅದೇ ಬಗೆಯ ಆಘಾತವಾಯಿತು.

ಎಣ್ಣೆ ದೊರೆಯುವ ಮೊದಲು ಈ ನಾಡು ಬದುಕಿದುದು ಮುತ್ತಿನಿಂದ. ಹೇರಾತ್ ಎಂದು ಇಲ್ಲಿಯವರು ಕರೆಯುವ ಮುತ್ತಿನ ಚಿಪ್ಪುಗಳ ನೆಲೆಗಳಿಗೆ, ಫಿತಾಮ್ ಎಂಬ ಚಿಮಟಿಗೆಯಿಂದ ಮೂಗನ್ನು ಬಿಗಿದುಕೊಂಡು ಬರಿಮೈಯಲ್ಲಿ ಧುಮುಕುತ್ತಿದ್ದ ಮುಳುಗುಗಾರರು ಮೇಲಕ್ಕೆ ತಂದ ಚಿಪ್ಪುಗಳಲ್ಲಿ, ಗುಂಡುಸೂಜಿಯಿಂದ ಚುಚ್ಚಿದಂತೆ ಸಾಲುಸಾಲಾಗಿ ತೂತುಗಳಿರುತ್ತಿದ್ದುದುಂಟು. ಕ್ಲಿಯೋನಾ ಎಂಬ ಕೊರೆಯುವ ಸ್ಪಂಜಿನ ಕೈವಾಡ ಅದು. ಸುಣ್ಣದ ಚಿಪ್ಪನ್ನೂ ಹವಳವನ್ನೂ ರಾಸಾಯನಿಕದಿಂದ ಮೆದುಮಾಡಿ, ಸೂಕ್ಷ್ಮವಾದ ಚೂರುಗಳನ್ನು ಕೆತ್ತಿ ತೆಗೆದು, ಆ ಬಿಲದಲ್ಲಿ ಅದು ವಾಸಮಾಡುತ್ತದೆ.

ಹವಳದ ದಿಬ್ಬದ ಚಿತ್ರಗಳಲ್ಲಿ ಕಣ್ಸೆಳೆಯುವುದು ಹವಳ ಮತ್ತು ಬಣ್ಣದ ಮೀನುಗಳು. ಬಂಡೆಯ ಸಂದುಗಳಲ್ಲಿ, ಕತ್ತಲೆಯ ಅಡಿಗಳಲ್ಲಿ ಲೇಪದಂತೆ ಅಂಟಿಕೊಂಡಿರುವ ಸ್ಪಂಜನ್ನು ಯಾರೂ ನೋಡುವುದಿಲ್ಲ. ಆದರೆ ದಿಬ್ಬದ ಊಟದ ವ್ಯವಸ್ಥೆಯಲ್ಲಿ ಬಹುಭಾಗ ನಿಂತಿರುವುದು ಅದರ ದುಡಿಮೆಯ ಮೇಲೆ. ಹವಳದ ಕಡಲಿನ ನೀರು ತಿಳಿಯಾದುದು, ಎಂದರೆ ಆಹಾರದಲ್ಲಿ ಬಡವಾದುದು. ಅಂತಹ ಬಡ ನೀರಿನಲ್ಲಿ ಇಷ್ಟೊಂದು ಜೀವಸಮೃದ್ಧಿ ಹೇಗೆ ಸಾಧ್ಯವೆಂಬುದು ಡಾರ್ವಿನ್ನನ ಕಾಲದಿಂದಲೂ ಒಂದು ಒಗಟಾಗಿತ್ತು. ಹವಳಗಳೂ ಪಾಚಿಗಳೂ ತಾವು ತಯಾರಿಸಿದ ಪೋಷಕಾಂಶದ ಗಣನೀಯವಾದ ಭಾಗವನ್ನು ನೀರಿಗೇ ಸೋರಿಬಿಡುತ್ತವೆ. ಸಕ್ಕರೆ ಕರಗಿದ ನೀರಿನಂತಿರುವ ಈ ಸಂಪತ್ತನ್ನು ಮೀನಾಗಲಿ ಏಡಿಯಾಗಲಿ ಹಿಡಿದು ತಿನ್ನಲಾರವು. ಯಾಸ್ಪರ್ ಡಿ ಗೂಯಿ ಮತ್ತು ಅವರ ಸಂಗಡಿಗರು ಕೆರಿಬಿಯನ್ ಕಡಲಿನ ಕ್ಯುರಸಾವ್ ದ್ವೀಪದ ಬಳಿ ನಡೆಸಿ 2013ರಲ್ಲಿ ಪ್ರಕಟಿಸಿದ ಸಂಶೋಧನೆ ಒಗಟಿನ ಒಂದು ಮುಖ್ಯಭಾಗವನ್ನು ಬಿಡಿಸಿತು: ಕರಗಿದ ಆ ಆಹಾರವನ್ನು ಸ್ಪಂಜುಗಳು ಹೀರಿಕೊಂಡು, ತಮ್ಮ ಕೋಶಗಳನ್ನು ಅತ್ಯಂತ ವೇಗದಿಂದ ಹೊಸದಾಗಿಸುತ್ತ, ಹಳೆಯ ಕೋಶಗಳನ್ನು ಕಣಕಣವಾಗಿ ಉದುರಿಸುತ್ತವೆ, ಆ ಕಣಗಳನ್ನು ಹುಳುಗಳೂ ಏಡಿಗಳೂ ತಿನ್ನುತ್ತವೆ, ಅವನ್ನು ಮೀನುಗಳು ತಿನ್ನುತ್ತವೆ. ದಿಬ್ಬದ ಸಂಪತ್ತು ಹೊರಗಣ ಸಾಗರಕ್ಕೆ ಹರಿದುಹೋಗದಂತೆ ತಡೆದು, ತಿರುಗಿ ದಿಬ್ಬದ ತಟ್ಟೆಗೇ ಬಡಿಸುವ ಈ ಕೆಲಸ ಹಗಲಿರುಳು ನಡೆಯುತ್ತಿರುತ್ತದೆ. ದೋಹಾದ ಕಡಲಂಚಿನ ಗಗನಚುಂಬಿ ಕಟ್ಟಡಗಳ ಚಿತ್ರವನ್ನು ನೋಡಿದವರಿಗೆ ಬರ್ವಾ ಅಲ್ ಬರಾಹಾ ಕಾಣುವುದಿಲ್ಲ. ಹವಳದ ಚಿತ್ರವನ್ನು ನೋಡಿದವರಿಗೆ ಸ್ಪಂಜು ಕಾಣುವುದಿಲ್ಲ.

ಇಷ್ಟು ಮೃದುವಾದ, ಪುಷ್ಟಿಯಾದ ಒಂದು ಜೀವ, ಹಸಿದ ಬಾಯಿಗಳ ನಡುವೆ ಓಡಲಾರದೆ, ಅಡಗಲಾರದೆ, ಕಚ್ಚಲಾರದೆ ಕುಳಿತು ಉಳಿಯುವುದು ಹೇಗೆ? ಮರಿಯಾಗಿದ್ದಾಗ ಅದು ಕೆಲಕಾಲ ನೀರಿನಲ್ಲಿ ಈಜುವುದುಂಟು; ಆದರೆ ಒಮ್ಮೆ ನೆಲೆಯೂರಿತೆಂದರೆ ಆಯುಷ್ಯವೆಲ್ಲ ಅಲ್ಲಿಯೇ. ಗಾಜಿನ ಸೂಜಿಗಳೇ ಅದರ ಆಯುಧವೆಂದು ಬಹುಕಾಲ ಜನ ನಂಬಿದ್ದರು. ಅಮೆರಿಕದ ಜೋಸೆಫ್ ಪಾಲಿಕ್ ಎಂಬ ವಿಜ್ಞಾನಿ ಮತ್ತು ಅವರ ಶಿಷ್ಯರು ಈ ನಂಬಿಕೆಯನ್ನು ಸರಳವಾದ, ಆದರೆ ಜಾಣ್ಮೆಯ ಪ್ರಯೋಗದಿಂದ ಒರೆಗೆ ಹಚ್ಚಿದರು. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿಯ ಮಾಂಸವನ್ನು ಅರೆದು ಗುಳಿಗೆಗಳನ್ನಾಗಿ ಮಾಡಿ, ಕೆಲವಕ್ಕೆ ಸ್ಪಂಜಿನ ಸೂಜಿಗಳನ್ನೂ ಕೆಲವಕ್ಕೆ ಸ್ಪಂಜಿನಿಂದ ತೆಗೆದ ಸಾರವನ್ನೂ ಬೆರೆಸಿ, ಹವಳದ ಮೀನುಗಳ ಮುಂದೆ ಹಾಕಿದರು. ಸೂಜಿ ಬೆರೆತ ಗುಳಿಗೆಯನ್ನು ಮೀನುಗಳು ನಿಶ್ಚಿಂತೆಯಿಂದ ನುಂಗಿದವು. ಸಾರ ಬೆರೆತ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಥಟ್ಟನೆ ಉಗುಳಿದವು. 1995ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪರೀಕ್ಷಿಸಿದ ಕೆರಿಬಿಯನ್ ಕಡಲಿನ 71 ಪ್ರಭೇದಗಳ ಪೈಕಿ ಶೇಕಡ 69ರಷ್ಟರ ಸಾರ ಮೀನುಗಳಿಗೆ ಒಗ್ಗದಾಯಿತು. ಸ್ಪಂಜಿನ ಕೋಟೆ ಗಾಜಿನದಲ್ಲ, ರುಚಿಯದು.

ಇನ್ನು ಆ ದುರ್ವಾಸನೆಯ ಮಾತು. ಇರ್ಸೀನಿಯಾ ಎಂಬ ಕುಲದ ಸ್ಪಂಜುಗಳನ್ನು ನೀರಿನಿಂದ ಹೊರತೆಗೆದರೆ ಬೆಳ್ಳುಳ್ಳಿ ಕೊಳೆತಂತಹ ನಾತ ಹೊಡೆಯುತ್ತದೆ. ಇಷ್ಟು ಕೆಟ್ಟ ನಾತವೇ ಶತ್ರುನಿವಾರಕವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಪರೀಕ್ಷೆಯಲ್ಲಿ ಮೀನುಗಳು ಈ ವಾಸನೆಗೆ ಅಂಜಲಿಲ್ಲ. ಅವನ್ನು ಹಿಮ್ಮೆಟ್ಟಿಸಿದ್ದು ವಾಸನೆಯಿಲ್ಲದ, ಅದೇ ದೇಹದಲ್ಲಿ ಅಡಗಿದ್ದ ಬೇರೆ ಸಂಯುಕ್ತಗಳು. ನಮ್ಮ ಮೂಗಿಗೆ ಸಹ್ಯವಾಗದಿರುವುದು ಮೀನಿನ ನಾಲಗೆಗೂ ಅಸಹ್ಯವಾಗಬೇಕೆಂಬ ನಿಯಮವಿಲ್ಲ.

ಅರೇಬಿಯಾದ ಮತ್ತೊಂದು ಮಗ್ಗುಲಿನ ಕೆಂಪುಸಮುದ್ರದಲ್ಲಿ ಈ ರಾಸಾಯನಿಕ ಕಾವಲಿನ ಅತ್ಯಂತ ಉಜ್ವಲವಾದ ಉದಾಹರಣೆಯಿದೆ. ನೆಗೊಂಬಾಟಾ ಮ್ಯಾಗ್ನಿಫಿಕಾ ಎಂಬ ಕೆಂಪು ಸ್ಪಂಜು ಅಲ್ಲಿ ಬಟ್ಟಬಯಲಿನಲ್ಲಿ, ಮರೆಮಾಚುವ ಯಾವ ಪ್ರಯತ್ನವೂ ಇಲ್ಲದೆ ಬೆಳೆಯುತ್ತದೆ. ಅದನ್ನು ಹಿಂಡಿದರೆ ಒಸರುವ ಕೆಂಪು ರಸಕ್ಕೆ ಸುತ್ತಲಿನ ಮೀನುಗಳು ದಿಕ್ಕಾಪಾಲಾಗಿ ಓಡುವುದನ್ನು ಇಸ್ರೇಲಿನ ವಿಜ್ಞಾನಿಗಳು 1975ರಲ್ಲಿ ವರದಿಮಾಡಿದರು. ಆ ರಸದಲ್ಲಿದ್ದ ಲ್ಯಾಟ್ರಂಕ್ಯುಲಿನ್ ಎಂಬ ವಸ್ತು, ಪ್ರಾಣಿಕೋಶಗಳಿಗೆ ಆಕಾರವನ್ನೂ ಚಲನೆಯನ್ನೂ ಕೊಡುವ ಆಕ್ಟಿನ್ ಎಂಬ ಎಳೆಗಳು ಹೆಣೆದುಕೊಳ್ಳದಂತೆ ತಡೆಯುತ್ತದೆಂದು 1983ರಲ್ಲಿ ತಿಳಿದುಬಂದಿತು. ಇಂದು ಜಗತ್ತಿನ ಪ್ರಯೋಗಶಾಲೆಗಳು ಕೋಶದ ಚಲನೆಯನ್ನು ಅರಿಯಲು ಇದೇ ವಸ್ತುವನ್ನು ಬಳಸುತ್ತಿವೆ. ತಾನು ಕದಲಲಾರದ ಜೀವವೊಂದು ಶತ್ರುವಿನ ಕೋಶದ ಚಲನೆಯ ಮೂಲಕ್ಕೇ ಕೈಹಾಕಬಲ್ಲ ಅಸ್ತ್ರವನ್ನು ಹಿಡಿದಿರುವುದು ಸೋಜಿಗವಲ್ಲವೆ! ದೋಹಾದ ಬಳಿಯ ಈ ಕೊಲ್ಲಿಯ ಸ್ಪಂಜುಗಳ ಪರಿಶೋಧನೆಯೂ ನಡೆದಿದೆ. ಇರಾನಿನ ತೀರದ ಲಾರಕ್ ದ್ವೀಪದ ಹವಳಗಳ ನಡುವಿನ ಸ್ಪಂಜಿನ ಸಾರವನ್ನು ರೋಗಾಣುಗಳ ವಿರುದ್ಧ ಪರೀಕ್ಷಿಸಿದ್ದಾರೆ.

ಈ ವಿಷಗಳನ್ನು ತಯಾರಿಸುವುದು ಯಾವಾಗಲೂ ಸ್ಪಂಜೇ ಅಲ್ಲ. ಕೆಲವು ಸ್ಪಂಜುಗಳ ಮೈತೂಕದ ಮೂರನೆಯ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಇರುವುದು ಅವುಗಳೊಳಗೆ ಬಾಳುವ ಸೂಕ್ಷ್ಮಾಣುಗಳೇ. ಥಿಯೊನೆಲ್ಲಾ ಎಂಬ ಸ್ಪಂಜಿನಿಂದ ದೊರೆತ ನಾನಾ ಔಷಧಸತ್ತ್ವದ ವಸ್ತುಗಳು ವಾಸ್ತವವಾಗಿ ಅದರೊಳಗಿನ ಎಂಟೊಥಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೃಷ್ಟಿಯೆಂದು 2014ರಲ್ಲಿ ಸಿದ್ಧಪಟ್ಟಿತು. ಮನೆಯೊಡೆಯ ಆಶ್ರಯ ಕೊಡುತ್ತಾನೆ, ಬಾಡಿಗೆಯವನು ಕಾವಲು ಕಾಯುತ್ತಾನೆ.

ತಿನ್ನುವವರನ್ನು ದೂರವಿಡುವುದಷ್ಟೇ ಈ ರಾಸಾಯನಿಕಗಳ ಪ್ರಯೋಜನವಲ್ಲ. ದಿಬ್ಬದ ಮೇಲೆ ಅಂಗೈಯಗಲದ ಜಾಗಕ್ಕೂ ಜಗಳವಿದೆ. ಹವಳದ ಬುರುಡೆಯನ್ನು ಕೊರೆದು ಒಳಗೆ ವಾಸಮಾಡುವ ಸೈಫೊನೊಡಿಕ್ಟಿಯಾನ್ ಎಂಬ ಸ್ಪಂಜು ತನ್ನ ಚಿಮಣಿಯಂತಹ ದ್ವಾರವನ್ನು ಮಾತ್ರ ಹೊರಗೆ ಚಾಚಿ, ಅದರ ಸುತ್ತ ಹವಳ ಬೆಳೆಯದಂತೆ ವಿಷಮಿಶ್ರಿತವಾದ ಲೋಳೆಯಿಂದ ಬರಿದಾದ ವೃತ್ತವೊಂದನ್ನು ಕಾಯ್ದುಕೊಳ್ಳುತ್ತದೆ. ಟರ್ಪಿಯೋಸ್ ಎಂಬ ಕಪ್ಪು ಸ್ಪಂಜು ಜೀವಂತ ಹವಳದ ಮೇಲೆಯೇ ಹರಡಿ ಅದನ್ನು ಕೊಲ್ಲುತ್ತದೆ; ಗುವಾಮ್ ದ್ವೀಪದಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದ ಈ ಉಪದ್ರವ ಈಚೆಗೆ ನಮ್ಮ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿಯೂ ಕಾಣಿಸಿಕೊಂಡಿದೆ.

ಆದರೂ ಲೋಕದಲ್ಲಿ ಮುರಿಯಲಾಗದ ಕೋಟೆಯೆಂಬುದಿಲ್ಲ. ಕಡಲ ಗೊಂಡೆಹುಳುವಿನ ಜಾತಿಗೆ ಸೇರಿದ, ಬಣ್ಣಬಣ್ಣದ ಕ್ರೊಮೊಡೊರಿಸ್‌ಗಳು ಸ್ಪಂಜನ್ನು ತಿಂದು, ಅದರ ಲ್ಯಾಟ್ರಂಕ್ಯುಲಿನ್ನನ್ನು ತಮ್ಮ ಮೈಯಲ್ಲಿ ಸಂಗ್ರಹಿಸಿ, ಅದನ್ನೇ ಸ್ವಂತದ ಕಾವಲನ್ನಾಗಿ ಮಾಡಿಕೊಳ್ಳುತ್ತವೆ. ನೀಲಿಮೈಗೆ ಹಳದಿ ಪಟ್ಟೆ ಹೊತ್ತ, ಇಲ್ಲಿಯವರು ಅನ್ಫೂಜ್ ಎನ್ನುವ ಏಂಜೆಲ್ ಮೀನಿಗೂ ಸ್ಪಂಜು ಆಹಾರವೇ. ಎಲ್ಲಕ್ಕಿಂತ ಮಿಗಿಲಾದದ್ದು, ಗಿಡುಗನ ಕೊಕ್ಕಿನಂತಹ ಮೂತಿಯ ಹಾಕ್ಸ್‌ಬಿಲ್ ಆಮೆ. ಕೆರಿಬಿಯನ್ ಕಡಲಿನಲ್ಲಿ ಈ ಆಮೆಯ ಆಹಾರದ ಸುಮಾರು ಶೇಕಡ 95 ಭಾಗ ಸ್ಪಂಜೇ ಎಂದು ಆನ್ ಮೇಲನ್ ಎಂಬಾಕೆ 1988ರಲ್ಲಿ ತೋರಿಸಿದರು. ಹೊಟ್ಟೆಯ ತುಂಬ ಗಾಜಿನ ಸೂಜಿಗಳಿದ್ದರೂ ಅದಕ್ಕೆ ಬಾಧೆಯಿಲ್ಲ. ಕತಾರಿನ ಉತ್ತರತೀರದ ಫುವೈರಿತ್ ಮರಳದಂಡೆಗೆ ಇದೇ ಆಮೆ ಪ್ರತಿವರ್ಷ ಮೊಟ್ಟೆಯಿಡಲು ಬರುತ್ತದೆ. ಆ ತಿಂಗಳುಗಳಲ್ಲಿ ಸರ್ಕಾರವು ದಂಡೆಯನ್ನು ಜನರಿಗೆ ಮುಚ್ಚುತ್ತದೆ. ಉಪಗ್ರಹದ ಸಂಕೇತಗಳ ಮೂಲಕ ಈ ಕೊಲ್ಲಿಯ ಆಮೆಗಳ ಬೆನ್ನುಹತ್ತಿದವರು ಕಂಡ ಒಂದು ಸಂಗತಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿತು: ಕಡುಬೇಸಗೆಯಲ್ಲಿ ಆಳವಿಲ್ಲದ ನೀರು ಕಾದಾಗ ಅವು ತಮ್ಮ ಮೇವಿನ ನೆಲೆಯನ್ನು ಬಿಟ್ಟು ತಂಪಾದ ಆಳಕ್ಕೆ ಹೋಗಿ, ಕಾವು ತಗ್ಗಿದ ಮೇಲೆ ಮರಳುತ್ತವೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸಮಾಡಿಸಬಾರದೆಂಬ ಕಾನೂನು ಇಲ್ಲಿಯ ಕಾರ್ಮಿಕನಿಗೆ ನೆರಳನ್ನು ಕೊಡುತ್ತದೆ. ಆಮೆಗೆ ಆಳ ನೆರಳು ಕೊಡುತ್ತದೆ. ಸ್ಪಂಜಿಗೂ ಹವಳಕ್ಕೂ ಮಾತ್ರ ಹೋಗುವ ಎಡೆಯಿಲ್ಲ.

ಹಾಗಾದರೆ ಎಲ್ಲ ಸ್ಪಂಜುಗಳೂ ಏಕೆ ವಿಷಧಾರಿಗಳಾಗಲಿಲ್ಲ? ಪಾಲಿಕರ ಪಟ್ಟಿಯಲ್ಲಿ ಉಳಿದ ಮೂರರಲ್ಲೊಂದು ಪಾಲು ರುಚಿಕರವಾಗಿಯೇ ಉಳಿದದ್ದೇಕೆ? ವಿಷಕ್ಕೂ ಬೆಲೆಯುಂಟೆಂಬುದೇ ಇದರ ಮರ್ಮ. ಈ ಲೆಕ್ಕ ಬರ್ವಾ ಅಲ್ ಬರಾಹಾದ ನಿವಾಸಿಗೆ ಯಾರೂ ಕಲಿಸಬೇಕಾಗಿಲ್ಲ: ತಿಂಗಳ ಸಂಬಳ ಒಂದೇ, ಊರಿನ ಮನೆಗೆ ಕಳುಹಿಸಿದ ರಿಯಾಲು ತನ್ನ ತಟ್ಟೆಗೆ ಬಾರದು, ತಟ್ಟೆಗೆ ಹಾಕಿಕೊಂಡದ್ದು ಊರಿಗೆ ತಲಪದು. ಸ್ಪಂಜಿನ ಗಳಿಕೆಯೂ ಅಷ್ಟೇ. ವಿಷಕ್ಕೆ ವೆಚ್ಚಮಾಡುವ ಪ್ರಭೇದಗಳು ನಿಧಾನವಾಗಿ ಬೆಳೆಯುತ್ತವೆ. ವಿಷವಿಲ್ಲದವು ಬೇಗ ಬೆಳೆಯುತ್ತವೆ, ಗಾಯವನ್ನು ಬೇಗ ಮಾಯಿಸಿಕೊಳ್ಳುತ್ತವೆ, ಸಂತಾನವನ್ನು ಹೆಚ್ಚಿಸಿಕೊಳ್ಳುತ್ತವೆ. ಮೀನು ತಿಂದಷ್ಟನ್ನೂ ತುಂಬಿಕೊಡುವುದೇ ಅವುಗಳ ಬಾಳಿನ ಉಪಾಯ. ತ್ಸೆ-ಲಿನ್ ಲೋ ಮತ್ತು ಪಾಲಿಕ್ ಅವರು ಕೆರಿಬಿಯನ್ ಕಡಲಿನ 69 ತಾಣಗಳನ್ನು ಪರಿಶೀಲಿಸಿ 2014ರಲ್ಲಿ ಇದನ್ನು ವಿಶದಪಡಿಸಿದರು. ಏಂಜೆಲ್ ಮೀನೂ ಗಿಳಿಮೀನೂ ಸಮೃದ್ಧವಾಗಿದ್ದ ರಕ್ಷಿತ ತಾಣಗಳಲ್ಲಿ ವಿಷವುಳ್ಳ ಸ್ಪಂಜುಗಳು ಮೇಲುಗೈಯಾಗಿದ್ದವು; ಮಿತಿಮೀರಿ ಮೀನು ಹಿಡಿದ ತಾಣಗಳಲ್ಲಿ ಬೇಗ ಬೆಳೆಯುವ, ವಿಷವಿಲ್ಲದ ಸ್ಪಂಜುಗಳು ಹಬ್ಬಿದ್ದವು. ಅಷ್ಟೇ ಅಲ್ಲ, ಅಂತಹ ತಾಣಗಳಲ್ಲಿ ಹವಳದ ಮೈಗೆ ಸ್ಪಂಜು ಮುಟ್ಟಿಕೊಂಡು ಬೆಳೆಯುವ ಪ್ರಮಾಣ ಎರಡು ಪಟ್ಟಿಗೂ ಮಿಗಿಲಾಗಿತ್ತೆಂದು ಮುಂದಿನ ವರ್ಷದ ವರದಿ ತಿಳಿಸಿತು. ಸ್ಪಂಜನ್ನು ತಿನ್ನುವ ಬಾಯಿ ಪರೋಕ್ಷವಾಗಿ ಹವಳವನ್ನು ಕಾಯುತ್ತದೆ. ಆ ಬಾಯಿಯನ್ನು ನಾವು ಬಲೆಯಲ್ಲಿ ಎಳೆದುಕೊಂಡರೆ, ನಿನ್ನೆ ದಿಬ್ಬಕ್ಕೆ ಅನ್ನವಿಕ್ಕುತ್ತಿದ್ದ ಸ್ಪಂಜೇ ನಾಳೆ ಹವಳದ ನೆಲವನ್ನು ಒತ್ತುವರಿಮಾಡುತ್ತದೆ. ಬಿಸಿಲಿನ ಹೊಡೆತಕ್ಕೆ ಆಗಲೇ ಬಸವಳಿದಿರುವ ಇಲ್ಲಿಯ ಹವಳಗಳ ಮಟ್ಟಿಗೆ ಈ ಮಾತು ಬರಿಯ ಪಾಂಡಿತ್ಯದ ವಿಷಯವಲ್ಲ.

ಸ್ಪಂಜಿನ ಕಾವಲು ಮನುಷ್ಯನ ಕಾವಲೂ ಆಯಿತೆಂಬುದು ಈ ಕಥೆಯ ಮತ್ತೊಂದು ಅಧ್ಯಾಯ. 1945ರಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಫ್ಲಾರಿಡಾದ ತೀರದಲ್ಲಿ ಸಂಗ್ರಹಿಸಿದ ಸಾಧಾರಣವಾದ ಸ್ಪಂಜೊಂದರಲ್ಲಿ ವಿಚಿತ್ರವಾದ ಸಕ್ಕರೆ ಬೆಸೆದ ಅಣುಗಳು ದೊರೆತವು. ಅವುಗಳ ಮಾದರಿಯಲ್ಲಿ ರಚಿತವಾದ ಸೈಟರಬಿನ್ 1969ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮನ್ನಣೆ ಪಡೆದು, ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಪ್ರಧಾನವಾಗಿ ಉಳಿದಿದೆ. ಜಪಾನಿನ ಹಿರಾತಾ ಮತ್ತು ಉಎಮುರಾ ಎಂಬ ವಿಜ್ಞಾನಿಗಳು 1986ರಲ್ಲಿ 600 ಕಿಲೋಗ್ರಾಂ ಸ್ಪಂಜಿನಿಂದ ಕೇವಲ 12.5 ಮಿಲಿಗ್ರಾಂ ಹ್ಯಾಲಿಕಾಂಡ್ರಿನ್-ಬಿ ಎಂಬ ವಸ್ತುವನ್ನು ತೆಗೆದರು. ಅದನ್ನು ಕಡಲಿನಿಂದಲೇ ತರಬೇಕಾಗಿದ್ದರೆ ಕಡಲು ಬರಿದಾಗುತ್ತಿತ್ತು. ಹಾರ್ವರ್ಡಿನ ಯೊಶಿತೊ ಕಿಶಿ ಅವರು 1992ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಿದ್ದರಿಂದ ಹಾದಿ ತೆರೆಯಿತು. ಅದರ ಸರಳರೂಪವಾದ ಎರಿಬುಲಿನ್, ಹರಡಿದ ಸ್ತನಕ್ಯಾನ್ಸರಿನ ಚಿಕಿತ್ಸೆಗಾಗಿ 2010ರಲ್ಲಿ ಒಪ್ಪಿಗೆ ಪಡೆಯಿತು. ಕಡಲಿನಿಂದ ನಾವು ಪಡೆಯಬೇಕಾದುದು ರಾಶಿರಾಶಿ ಸ್ಪಂಜನ್ನಲ್ಲ, ಅದರ ವಿದ್ಯೆಯನ್ನು. ಆ ವಿದ್ಯೆ ಉಳಿಯಬೇಕಾದರೆ ಅದನ್ನು ಬಲ್ಲ ಜೀವ ತನ್ನ ನೆಲೆಯಲ್ಲಿ ಉಳಿಯಬೇಕು, ಹಲೂಲಿನ ಬಳಿಯೂ ಸರಿ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿಯೂ ಸರಿ.

ಮುಂದಿನ ಶುಕ್ರವಾರ ಅದೇ ಅಂಗಳದಲ್ಲಿ ಆ ಚಾಲಕರಿಗೆ ಇದನ್ನೆಲ್ಲ ನನಗೆ ತಿಳಿದ ಮಟ್ಟಿಗೆ ಹೇಳಿದೆ. ಕೊನೆಯಲ್ಲಿ, 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಎಂಬ ವಿಜ್ಞಾನಿ ಜೀವಂತ ಸ್ಪಂಜನ್ನು ತೆಳುವಾದ ರೇಷ್ಮೆಬಟ್ಟೆಯಲ್ಲಿ ಹಿಂಡಿ ಕೋಶಕೋಶವಾಗಿ ಬೇರ್ಪಡಿಸಿದಾಗ, ಆ ಕೋಶಗಳು ನೀರಿನಲ್ಲಿ ತೆವಳಿ ಒಂದನ್ನೊಂದು ಸೇರಿಕೊಂಡು ಮತ್ತೆ ಸ್ಪಂಜಾದ ಕಥೆಯನ್ನೂ, ಹರಿದ ತುಂಡೊಂದು ಬಂಡೆ ಸಿಕ್ಕಿದಲ್ಲಿ ಮರಳಿ ಅಂಟಿ ಬೆಳೆಯಬಲ್ಲ ಸಂಗತಿಯನ್ನೂ ತಿಳಿಸಿದೆ. ಅವರು ಕೈಯಲ್ಲಿದ್ದ ಹಳದಿ ಸ್ಪಂಜನ್ನು ಬಕೆಟ್ಟಿನ ಅಂಚಿನ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ನಾವು ತಿರುಗಿ ಕಡಲಿಗೆ ಹಾಕಿದ್ದು ಸತ್ತಿರಲಿಕ್ಕಿಲ್ಲ" ಎಂದರು.